ಗಾಳಿಗೆ ಅಗಲವಾದ ದಾರಿ



ನಾನಿರುವುದು ನಾಗಪುರದ ಬಜಾಜ್ ನಗರದಲ್ಲಿ. ವಿಶ್ವೇಶ್ವರಯ್ಯ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ ನೆರೆಯ ಬಡಾವಣೆ ಇದು. ಒಂದು ಕಡೆ ಲಕ್ಷ್ಮೀನಗರದ ಆಠ ರಸ್ತಾ ಚೌಕ, ಸ್ವಲ್ಪ ದೂರಕ್ಕೆ ಅಂಬಾಝರಿ ಕೆರೆ. ಉದ್ಯೋಗಕ್ಕೆಂದು ಬಂದು ಇಲ್ಲೇ ಮನೆ ಮಾಡಿಕೊಂಡ ಕನ್ನಡ ಕುಟುಂಬಗಳಲ್ಲಿ ನಮ್ಮದೂ ಒಂದು. ಇಂಥ ಬಡಾವಣೆಗಳಲ್ಲಿ ಕಾರು ನಿಲ್ಲಿಸುವ ಜಾಗದ ಹಿಂದೆಯೋ, ಹಿತ್ತಲಿನ ತಗಡಿನ ಚಾವಣಿಯ ಕೆಳಗೋ ಒಂದು ಮೇಜು, ಒಂದು ವೈಸ್, ಗೋಡೆಗೆ ಸಾಲಾಗಿ ಸ್ಪ್ಯಾನರು ತೂಗುಹಾಕಿದ ಕೆಲಸದ ಕೋಣೆ ಕಾಣುತ್ತದೆ. ನಿವೃತ್ತರಾದವರು ಮರದ ಕೆಲಸ ಮಾಡುತ್ತಾರೆ, ಕಾಲೇಜಿನ ಹುಡುಗರು ಬೈಕು ಬಿಚ್ಚಿ ಜೋಡಿಸುತ್ತಾರೆ, ಗೃಹಿಣಿಯರು ಹಳೆಯ ಕುರ್ಚಿಗೆ ಬಣ್ಣ ಹೊಡೆಯುತ್ತಾರೆ. ಒಂದು ದಿನ ಅಲ್ಲಿಗೆ ಗಾಳಿಯನ್ನು ಒತ್ತಿ ತುಂಬುವ ಸಣ್ಣ ಕಂಪ್ರೆಸರ್ ಬರುತ್ತದೆ. ಅದರ ಬೆನ್ನಿಗೇ ಕಾಲಿಗೆ ತೊಡರುವ ಪೈಪೂ ಬರುತ್ತದೆ. ಆ ಪೈಪನ್ನು ಸುತ್ತಿಡುವ ಏರ್ ಹೋಸ್ ರೀಲನ್ನು ಹೆಚ್ಚು ದುಡ್ಡು ಸುರಿಯದೆ ಹೇಗೆ ಆರಿಸಬೇಕು ಎಂಬುದೇ ಇವತ್ತಿನ ಮಾತು.

ನೆಲದ ಮೇಲೆ ಬಿದ್ದ ಪೈಪಿನಿಂದ ಆಗುವ ತೊಂದರೆ ಎಲ್ಲರಿಗೂ ಗೊತ್ತು. ಎಡವಿ ಬೀಳುತ್ತೇವೆ. ಪೈಪಿನ ಮೇಲೆ ಕಾರಿನ ಚಕ್ರ ಹತ್ತುತ್ತದೆ, ಬೆಸುಗೆಯ ಕಿಡಿ ಸಿಡಿಯುತ್ತದೆ. ಒಂದೇ ಕಡೆ ಪದೇ ಪದೇ ಮಡಚಿಕೊಂಡ ಪೈಪು ಆ ಜಾಗದಲ್ಲೇ ಸೀಳುತ್ತದೆ. ಆದ್ದರಿಂದ ರೀಲು ಬೇಕು ಅನಿಸುವುದು ಸಹಜ. ಆದರೆ ಅಂಗಡಿಗೆ ಹೋದಾಗ ನಾವು ನೋಡುವುದು ಡಬ್ಬಿಯ ಹೊರಗಿನ ಎರಡೇ ಸಂಗತಿಗಳನ್ನು: ಪೈಪು ಎಷ್ಟು ಮೀಟರ್ ಉದ್ದ ಇದೆ, ಎಳೆದು ಬಿಟ್ಟರೆ ತಾನೇ ಒಳಗೆ ಹೋಗುತ್ತದೋ ಇಲ್ಲವೋ. ನಿಜವಾಗಿ ನೋಡಬೇಕಾದದ್ದು ಪೈಪಿನ ಒಳವ್ಯಾಸ. ಒಳವ್ಯಾಸ ಎಂದರೆ ಗಾಳಿ ಹರಿಯುವ ತೂತಿನ ಅಗಲ. ನನ್ನ ಇಡೀ ಮಾತಿನ ಸಾರ ಇಷ್ಟೇ: ರೀಲು ಕೊಳ್ಳುವವರು ಮೊದಲು ಪೈಪನ್ನು ಆರಿಸಬೇಕು, ಆಮೇಲೆ ಅದನ್ನು ಸುತ್ತುವ ಯಂತ್ರವನ್ನು.

ಕಾರಣ ಹೇಳುತ್ತೇನೆ. ಪೈಪಿನಲ್ಲಿ ಹರಿಯುವ ಗಾಳಿ ಪೈಪಿನ ಒಳಮೈಗೆ ಉಜ್ಜುತ್ತ ಹೋಗುತ್ತದೆ, ಆ ಘರ್ಷಣೆಯಲ್ಲಿ ಒತ್ತಡ ಕಳೆದುಕೊಳ್ಳುತ್ತದೆ. ಉದ್ದ ಎರಡರಷ್ಟಾದರೆ ನಷ್ಟವೂ ಎರಡರಷ್ಟು. ಅದು ಸರಳ. ಆದರೆ ತೂತು ಕಿರಿದಾದರೆ ನಷ್ಟ ವಿಪರೀತ ಏರುತ್ತದೆ, ಏಕೆಂದರೆ ಒಳವ್ಯಾಸದ ಐದನೆಯ ಘಾತಕ್ಕೆ ಅದು ವಿಲೋಮಾನುಪಾತದಲ್ಲಿದೆ. ಒಂದು ಲೆಕ್ಕ ನೋಡೋಣ. ಕಂಪ್ರೆಸರ್‌ನಿಂದ 6 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 200 ಲೀಟರ್ ಗಾಳಿ, ಅಂದರೆ ಸುಮಾರು 7 ಘನ ಅಡಿ (ಸಿಎಫ್‌ಎಂ), ಹತ್ತು ಮೀಟರ್ ಪೈಪಿನಲ್ಲಿ ಹೋಗುತ್ತಿದೆ ಎಂದುಕೊಳ್ಳಿ. ಒಳವ್ಯಾಸ 8 ಮಿಲಿಮೀಟರ್ ಇದ್ದರೆ ನಷ್ಟ ಸುಮಾರು 0.2 ಬಾರ್. ಅದು 6.5 ಮಿ.ಮೀ. ಆದರೆ ಅರ್ಧ ಬಾರ್. 5 ಮಿ.ಮೀ. ಆದರೆ ಸುಮಾರು 2 ಬಾರ್. ಮೂರು ಮಿಲಿಮೀಟರ್ ವ್ಯತ್ಯಾಸಕ್ಕೆ ಹತ್ತು ಪಟ್ಟು ನಷ್ಟ. ಇದು ಬರೀ ಪೈಪಿನ ಲೆಕ್ಕ. ಪೈಪಿಗೆ ಸಾಧನ ಜೋಡಿಸುವ ಕಪ್ಲರು, ರೀಲಿನ ನಡುವೆ ತಿರುಗುವ ಜಾಯಿಂಟು ಇವೆಲ್ಲ ಇನ್ನಷ್ಟು ಕಸಿದುಕೊಳ್ಳುತ್ತವೆ.

ಗಾಳಿಯನ್ನು ದೂರಕ್ಕೆ ಒಯ್ಯಲು ಸಾಧ್ಯವೇ ಎಂಬ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ಇಂಜಿನಿಯರುಗಳನ್ನೇ ಕಾಡಿತ್ತು. ಫ್ರಾನ್ಸ್ ಮತ್ತು ಇಟಲಿಯ ನಡುವೆ ಆಲ್ಪ್ಸ್ ಪರ್ವತವನ್ನು ಸೀಳಿ ರೈಲಿಗೆ ಸುರಂಗ ಕೊರೆಯುವ ಕೆಲಸ 1857ರಲ್ಲಿ ಶುರುವಾಯಿತು. ಮೊದಲು ಕೈಯಿಂದ ಕೊರೆದರು. 1861ರಿಂದ ಜೆರ್ಮೆನ್ ಸೊಮೆಯೆ ಎಂಬ ಇಂಜಿನಿಯರ್ ನೀರಿನ ಬಲದಿಂದ ಗಾಳಿಯನ್ನು ಒತ್ತಿ, ಕಬ್ಬಿಣದ ಕೊಳವೆಗಳಲ್ಲಿ ಸುರಂಗದ ತುದಿಯವರೆಗೆ ಕಳಿಸಿ, ಅಲ್ಲಿ ಬಂಡೆ ಕೊರೆಯುವ ಯಂತ್ರಗಳನ್ನು ನಡೆಸಿದರು. 1871ರಲ್ಲಿ ಸುರಂಗ ತೆರೆಯಿತು. ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿಯೂ ಆಳದ ಬಂಡೆಗೆ ತೂತು ಕೊರೆದದ್ದು ಇದೇ ಒತ್ತಿದ ಗಾಳಿ. ಕಿಲೋಮೀಟರುಗಟ್ಟಲೆ ದೂರ ಗಾಳಿ ಸೋಲದೆ ಸಾಗಿದ್ದು ಕೊಳವೆ ದಪ್ಪವಾಗಿದ್ದರಿಂದ. ನಮ್ಮ ಮನೆಯ ಕೋಣೆಯಲ್ಲಿ ಹತ್ತೇ ಮೀಟರಿಗೆ ಗಾಳಿ ಸುಸ್ತಾಗುವುದು ಪೈಪು ತೆಳುವಾಗಿರುವುದರಿಂದ.

ಇಲ್ಲಿ ಕೊಳ್ಳುವವರು ಗಮನಿಸಬೇಕಾದ ಒಂದು ಗುಟ್ಟಿದೆ. ನೀಲಿ ಬಣ್ಣದ, ನಯವಾದ ಪಿಯು ಪೈಪು, ಅಂದರೆ ಪಾಲಿಯುರಿಥೇನ್ ಪೈಪು, ನೀವೆಲ್ಲ ನೋಡಿದ್ದೀರಿ. ಅದನ್ನು ಅಂಗಡಿಯಲ್ಲಿ ಕರೆಯುವುದು ಹೊರಗಿನ ಅಳತೆಯಿಂದ. ಎಂಟರ ಪೈಪು ಎಂದರೆ ಹೊರವ್ಯಾಸ 8, ಒಳಗೆ 5 ಮಾತ್ರ. ಹತ್ತರದ್ದಕ್ಕೆ ಒಳಗೆ 6.5. ಹನ್ನೆರಡರದ್ದಕ್ಕೆ ಒಳಗೆ 8. ಪೈಪಿನ ಮೇಲೆ 8×5, 10×6.5, 12×8 ಎಂದು ಅಚ್ಚಾಗಿರುತ್ತದೆ. ರಬ್ಬರ್ ಪೈಪಿನಲ್ಲಿ ಹೀಗಲ್ಲ; ಅಲ್ಲಿ 8 ಎಂದರೆ ಸಾಮಾನ್ಯವಾಗಿ ಒಳವ್ಯಾಸವೇ 8. ಹೀಗಾಗಿ ಎರಡು ರೀಲುಗಳ ಡಬ್ಬಿಯ ಮೇಲೂ ಎಂಟು ಎಂದೇ ಬರೆದಿದ್ದರೂ ಒಂದು ಇನ್ನೊಂದಕ್ಕಿಂತ ಹತ್ತು ಪಟ್ಟು ಹೆಚ್ಚು ಒತ್ತಡ ತಿನ್ನಬಹುದು. ಅಗ್ಗದ ರೀಲು ಅಗ್ಗವಾಗಿರುವುದು ಎಷ್ಟೋ ಸಲ ಇದೇ ಕಾರಣಕ್ಕೆ: ಉದ್ದ ಜಾಸ್ತಿ ತೋರಿಸಿರುತ್ತಾರೆ, ಒಳಗಿನ ತೂತು ಕಿರಿದಾಗಿರುತ್ತದೆ.

ನಾನು ಇತ್ವಾರಿಯ ಹಾರ್ಡ್‌ವೇರ್ ಅಂಗಡಿಗಳಿಗೆ ಹೋಗುವಾಗ ಜೇಬಿನಲ್ಲಿ 8 ಮಿಲಿಮೀಟರಿನ ಒಂದು ಡ್ರಿಲ್ ಬಿಟ್ ಇಟ್ಟುಕೊಂಡು ಹೋಗುತ್ತೇನೆ. ಪೈಪಿನ ಕತ್ತರಿಸಿದ ತುದಿಯೊಳಗೆ ಬಿಟ್ಟಿನ ನುಣುಪಾದ ಹಿಂಬದಿಯನ್ನು ತೂರಿಸಿ ನೋಡುವುದು. ಸಲೀಸಾಗಿ ಒಳಗೆ ಹೋದರೆ ಒಳವ್ಯಾಸ ಎಂಟಿದೆ ಎಂದು ಅರ್ಥ. ಬಾಯಲ್ಲೇ ನಿಂತುಬಿಟ್ಟರೆ ಡಬ್ಬಿಯ ಮೇಲೆ ಏನೇ ಬರೆದಿರಲಿ, ಅದು ನನಗೆ ಬೇಡ. ರೀಲಿನಲ್ಲಿ ಸುತ್ತಿ ಬಂದ ಪೈಪಿನ ತುದಿಗೆ ಫಿಟ್ಟಿಂಗ್ ಹಾಕಿರುತ್ತಾರೆ, ಬಿಟ್ ಹಾಕಲಾಗುವುದಿಲ್ಲ. ಆಗ ಪೈಪಿನ ಮೈಮೇಲಿನ ಅಕ್ಷರ ಓದಬೇಕು. ಒಂದಡಿಗೊಮ್ಮೆಯೋ ಎರಡಡಿಗೊಮ್ಮೆಯೋ ಅಳತೆ, ಕೆಲಸದ ಒತ್ತಡ, ಒಡೆಯುವ ಒತ್ತಡ ಅಚ್ಚಾಗಿರುತ್ತವೆ. ಏನೂ ಅಚ್ಚಾಗಿರದ ಪೈಪನ್ನು ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಕೊಳ್ಳಬೇಡಿ. ಮನೆಯ ಕಂಪ್ರೆಸರ್ ಸಾಮಾನ್ಯವಾಗಿ 8 ಬಾರ್‌ವರೆಗೆ ಏರುತ್ತದೆ, ಅಂದರೆ 116 ಪಿಎಸ್‌ಐ. ಪೈಪಿನ ಕೆಲಸದ ಒತ್ತಡ ಅದಕ್ಕಿಂತ ಮೇಲಿರಬೇಕು. ಒಡೆಯುವ ಒತ್ತಡ ಕೆಲಸದ ಒತ್ತಡದ ಮೂರು ನಾಲ್ಕು ಪಟ್ಟು ಇರುವುದು ಒಳ್ಳೆಯ ಪೈಪಿನ ಲಕ್ಷಣ. ರಬ್ಬರ್ ಪೈಪಾದರೆ ಐಎಸ್ 446 ಎಂಬ ಗುರುತು ಇದೆಯೇ ನೋಡಿ. ಅದು ಗಾಳಿಯ ಪೈಪಿಗಾಗಿಯೇ ಇರುವ ಭಾರತೀಯ ಮಾನಕ.

ಇನ್ನು ಉದ್ದ. ಇಪ್ಪತ್ತು ಮೀಟರ್ ಇದ್ದರೆ ಒಳ್ಳೆಯದು, ಬೇಕಾದಷ್ಟೇ ಎಳೆದುಕೊಂಡರಾಯಿತು, ಉಳಿದದ್ದು ರೀಲಿನಲ್ಲೇ ಇರುತ್ತದೆ ಎಂದು ಯೋಚಿಸುತ್ತೇವೆ. ಗಾಳಿ ಮಾತ್ರ ಹಾಗೆ ಲೆಕ್ಕ ಹಾಕುವುದಿಲ್ಲ. ನೀವು ಹೊರಗೆ ಎಳೆದದ್ದು ಮೂರೇ ಮೀಟರ್ ಆದರೂ ಗಾಳಿ ರೀಲಿನಲ್ಲಿ ಸುತ್ತಿರುವ ಹದಿನೇಳು ಮೀಟರನ್ನೂ ದಾಟಿಯೇ ಬರಬೇಕು. ಬೇಕಿಲ್ಲದ ಉದ್ದಕ್ಕೆ ಮೊದಲು ಅಂಗಡಿಯಲ್ಲಿ ದುಡ್ಡು ಕೊಡುತ್ತೀರಿ, ಆಮೇಲೆ ಪ್ರತಿ ದಿನ ಕರೆಂಟಿನಲ್ಲಿ ಕೊಡುತ್ತೀರಿ. ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಮನೆಯಲ್ಲಿ ಒಂದು ಹಗ್ಗ ತೆಗೆದುಕೊಳ್ಳಿ. ರೀಲು ಕೂರಿಸಬೇಕೆಂದಿರುವ ಜಾಗದಲ್ಲಿ ಒಂದು ತುದಿ ಹಿಡಿದು, ಕೆಲಸ ಮಾಡುವ ಅತಿ ದೂರದ ಜಾಗದವರೆಗೆ, ಮೇಜನ್ನೂ ಕಾರನ್ನೂ ಸುತ್ತಿಕೊಂಡು ಹಗ್ಗ ಎಳೆಯಿರಿ. ಅದಕ್ಕೆ ಒಂದು ಮೀಟರ್ ಸಡಿಲ ಸೇರಿಸಿ ಅಳೆಯಿರಿ. ಬಜಾಜ್ ನಗರದಂಥ ಬಡಾವಣೆಯಲ್ಲಿ ಒಂದು ಕಾರು ನಿಲ್ಲುವ ಹದಿನೆಂಟಡಿ ಉದ್ದ, ಹತ್ತಡಿ ಅಗಲದ ಜಾಗಕ್ಕೆ ರೀಲನ್ನು ಗೋಡೆಯ ನಡುಭಾಗದಲ್ಲಿ ಕೂರಿಸಿದರೆ ಹತ್ತು ಮೀಟರ್ ಧಾರಾಳವಾಯಿತು. ಬರೀ ಬೈಕು, ಸೈಕಲ್ಲು, ಮೇಜಿನ ಕೆಲಸವಿದ್ದರೆ ಐದಾರು ಮೀಟರೇ ಸಾಕು. ರೀಲನ್ನು ಮೂಲೆಗೆ ತಳ್ಳದೆ ನಡುವೆ ತಂದರೆ ಪೈಪಿನ ಉದ್ದ ತಾನಾಗಿಯೇ ಕಡಿಮೆಯಾಗುತ್ತದೆ. ಇದಕ್ಕೆ ದುಡ್ಡು ಖರ್ಚಿಲ್ಲ.

ನಮ್ಮ ನೆರೆಯ ಸಂಸ್ಥೆಗೆ ಯಾರ ಹೆಸರಿದೆಯೋ ಆ ಸರ್ ಎಂ. ವಿಶ್ವೇಶ್ವರಯ್ಯನವರ ಒಂದು ಕೆಲಸ ಈ ಮಾತಿಗೆ ಚೆನ್ನಾಗಿ ಒಪ್ಪುತ್ತದೆ. ಮುದ್ದೇನಹಳ್ಳಿಯಲ್ಲಿ ಹುಟ್ಟಿ ಮುಂಬಯಿ ಪ್ರಾಂತ್ಯದಲ್ಲಿ ಇಂಜಿನಿಯರಾಗಿದ್ದ ಅವರು, ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ತಾವೇ ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು ಅಳವಡಿಸಿದರು. ಅಣೆಕಟ್ಟಿನ ಗೋಡೆಯನ್ನು ಎತ್ತರಿಸುವ ದೊಡ್ಡ ಖರ್ಚಿಲ್ಲದೆ ಅದೇ ಜಲಾಶಯದಲ್ಲಿ ಹೆಚ್ಚು ನೀರು ನಿಂತಿತು. ಇರುವುದರಿಂದಲೇ ಹೆಚ್ಚು ಪಡೆಯುವುದು ಇಂಜಿನಿಯರಿಂಗಿನ ದೊಡ್ಡ ಗುಣ. ಆದರೆ ಬಣ್ಣದ ಗನ್ನು ಸರಿಯಾಗಿ ಸಿಂಪಡಿಸುತ್ತಿಲ್ಲ, ಇಂಪ್ಯಾಕ್ಟ್ ಗನ್ನು ಬೋಲ್ಟು ಬಿಚ್ಚುತ್ತಿಲ್ಲ ಎಂದು ಜನ 1 ಎಚ್‌ಪಿ ಕಂಪ್ರೆಸರ್ ಮಾರಿ 2 ಎಚ್‌ಪಿ ತರಲು ಹೊರಡುತ್ತಾರೆ. ಅದಕ್ಕೂ ಮುಂಚೆ ಪೈಪನ್ನು ಗಿಡ್ಡ ಮಾಡಿ, ಒಳವ್ಯಾಸ ಹೆಚ್ಚಿಸಿ ನೋಡಿ. ಎಷ್ಟೋ ಮನೆಗಳಲ್ಲಿ ಇರುವ ಕಂಪ್ರೆಸರೇ ಸಾಕಾಗಿರುತ್ತದೆ.

ಪೈಪು ಯಾವುದರಿಂದ ಮಾಡಿದ್ದು ಎಂಬ ಪ್ರಶ್ನೆಗೆ ನಾಗಪುರದಲ್ಲಿ ಬಿಸಿಲೇ ಉತ್ತರ ಹೇಳುತ್ತದೆ. ಮೇ ತಿಂಗಳಲ್ಲಿ ಇಲ್ಲಿ 45 ಡಿಗ್ರಿ ದಾಟುವುದು ಹೊಸದೇನಲ್ಲ. ಹೊರಗೆ ಅಷ್ಟಿದ್ದರೆ ತಗಡಿನ ಚಾವಣಿಯ ಕೆಳಗೆ, ತಲೆಗಿಂತ ಮೇಲೆ ರೀಲು ತೂಗುವ ಜಾಗದಲ್ಲಿ ಇನ್ನೂ ಹೆಚ್ಚಿರುತ್ತದೆ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೈಪಿನ ಮೇಲೆ ಅಚ್ಚಾಗಿರುವ ಒತ್ತಡದ ಅಂಕಿ ಸಾಮಾನ್ಯ ಕೋಣೆಯ ಉಷ್ಣತೆಯದು, ಸುಮಾರು 20-25 ಡಿಗ್ರಿಯದು. ಬಿಸಿ ಏರಿದಂತೆ ಪ್ಲಾಸ್ಟಿಕ್ಕಿನ ಬಲ ಇಳಿಯುತ್ತದೆ. ಪಿವಿಸಿ ಪೈಪು ಎಲ್ಲಕ್ಕಿಂತ ಅಗ್ಗ, ಆದರೆ ಸೆಕೆಗೆ ಮೆತ್ತಗಾಗಿ ಉಬ್ಬುತ್ತದೆ, ಜನವರಿಯ ಚಳಿಗೆ ಸೆಟೆದುಕೊಂಡು ಸುತ್ತಲು ಬರುವುದಿಲ್ಲ. ಪಿಯು ಪೈಪು ಹಗುರ, ಬಳುಕುತ್ತದೆ, ತರಚುವುದಿಲ್ಲ. ಸಿಮೆಂಟಿನ ಚಾವಣಿಯ ನೆರಳಿನಲ್ಲಿ ಬಹಳ ವರ್ಷ ಬಾಳುತ್ತದೆ. ಆದರೆ ಬೆಸುಗೆಯ ಒಂದು ಕಿಡಿ ಬಿದ್ದರೆ ಅಲ್ಲಿಯೇ ತೂತು. ನೂಲಿನ ಹೆಣಿಗೆ ಇರುವ ರಬ್ಬರ್ ಪೈಪು ಭಾರ, ನೆಲಕ್ಕೆ ಕಪ್ಪು ಗೆರೆ ಎಳೆಯುತ್ತದೆ, ಆದರೆ ಸೆಕೆಗೂ ಕಿಡಿಗೂ ಎಲ್ಲಕ್ಕಿಂತ ಚೆನ್ನಾಗಿ ತಡೆಯುತ್ತದೆ. ಆದ್ದರಿಂದ ನನ್ನ ಸಲಹೆ ಸ್ಪಷ್ಟ. ನೆರಳಿನ, ಕಾಂಕ್ರೀಟ್ ಚಾವಣಿಯ ಕೋಣೆಗೆ 12×8 ಪಿಯು. ತಗಡಿನ ಚಾವಣಿಗೆ, ಬೆಸುಗೆ ಮತ್ತು ಗ್ರೈಂಡರಿನ ಕೆಲಸವಿರುವ ಜಾಗಕ್ಕೆ 8 ಅಥವಾ 10 ಮಿಲಿಮೀಟರಿನ ರಬ್ಬರ್.

ಪೈಪು ನಿರ್ಧಾರವಾಯಿತು. ಈಗ ಅದನ್ನು ಸುತ್ತುವ ಬಗೆ. ಬೆಲೆಯ ಏಣಿಯಲ್ಲಿ ಕೆಳಗಿನಿಂದ ಮೇಲಕ್ಕೆ ಹೋಗೋಣ.

ಮೊದಲನೆಯ ಮೆಟ್ಟಿಲಿಗೆ ದುಡ್ಡೇ ಬೇಡ. ಹಳೆಯ ಸ್ಕೂಟರಿನ ಚಕ್ರದ ರಿಮ್ಮನ್ನು ಗೋಡೆಗೆ ಬೋಲ್ಟು ಹಾಕಿ ಬಿಗಿದು, ಅದರ ಮೇಲೆ ಪೈಪು ಸುತ್ತಿಡುವುದು. ಪಂಕ್ಚರ್ ಅಂಗಡಿಗಳಲ್ಲಿ ಇದನ್ನು ನೀವು ನೋಡಿರುತ್ತೀರಿ. ದುಂಡು ದೊಡ್ಡದಾಗಿರುವುದರಿಂದ ಪೈಪು ಮಡಚಿಕೊಳ್ಳುವುದಿಲ್ಲ, ತಿರುಗುವ ಜಾಯಿಂಟೇ ಇಲ್ಲದ್ದರಿಂದ ಸೋರುವ ಜಾಗವೂ ಇಲ್ಲ. ವಾರಕ್ಕೊಮ್ಮೆ ಟಯರಿಗೆ ಗಾಳಿ ತುಂಬುವವರಿಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ಎರಡನೆಯದು ಸ್ಪ್ರಿಂಗಿನಂತೆ ಸುರುಳಿಯಾಗಿರುವ ಪಿಯು ಪೈಪು. ಎಳೆದರೆ ಬರುತ್ತದೆ, ಬಿಟ್ಟರೆ ಹಿಂದೆ ಹೋಗುತ್ತದೆ, ರೀಲೇ ಬೇಡ. ಮೇಜಿನ ಮೇಲೆ ಧೂಳು ಹಾರಿಸುವುದಕ್ಕೂ ಸಣ್ಣ ಮೊಳೆ ಹೊಡೆಯುವುದಕ್ಕೂ ಸರಿ. ಆದರೆ ಇದರ ತೂತು ಸಾಮಾನ್ಯವಾಗಿ ಕಿರಿದು, ಸುರುಳಿಯಲ್ಲಿ ಅಡಗಿರುವ ನಿಜವಾದ ಉದ್ದ ಕಣ್ಣಿಗೆ ಕಾಣುವುದಕ್ಕಿಂತ ಬಹಳ ಹೆಚ್ಚು. ಗ್ರೈಂಡರು, ಬಣ್ಣದ ಗನ್ನು ಇಂಥ ಗಾಳಿ ತಿನ್ನುವ ಸಾಧನಗಳಿಗೆ ಇದು ಆಗುವುದಿಲ್ಲ.

ಮೂರನೆಯದು ಕೈಯಿಂದ ತಿರುಗಿಸುವ ಉಕ್ಕಿನ ರೀಲು. ಒಂದು ಡ್ರಮ್ಮು, ಒಂದು ಹಿಡಿ, ನಡುವೆ ತಿರುಗುವ ಜಾಯಿಂಟು, ಅಷ್ಟೇ. ಪೈಪನ್ನು ನಾವೇ ಆರಿಸಿ ಹಾಕಬಹುದು. ಕೆಟ್ಟರೆ ಬಿಚ್ಚಿ ನಾವೇ ಸರಿಮಾಡಬಹುದು. ನಾಲ್ಕನೆಯದು ಒಳಗೆ ಸ್ಪ್ರಿಂಗು ಇರುವ, ತಾನಾಗಿಯೇ ಸುತ್ತಿಕೊಳ್ಳುವ ರೀಲು. ದಿನಕ್ಕೆ ಹತ್ತಾರು ಸಲ ಪೈಪು ಎಳೆದು ಬಿಡುವವರಿಗೆ ಇದು ನಿಜವಾಗಿ ಉಪಕಾರಿ. ಇದರಲ್ಲಿ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯದೂ ಸಿಗುತ್ತದೆ, ತೆರೆದ ಉಕ್ಕಿನ ಚೌಕಟ್ಟಿನದೂ ಸಿಗುತ್ತದೆ. ಆದರೆ ಸ್ಪ್ರಿಂಗಿನ ರೀಲಿಗೆ ಖರ್ಚು ಸಾವಿರಗಳ ಲೆಕ್ಕದಲ್ಲಿ. ಇಟ್ಟುಕೊಂಡ ದುಡ್ಡು ಸೀಮಿತವಾಗಿದ್ದರೆ ತೆಳು ಪೈಪಿನ ಸ್ಪ್ರಿಂಗ್ ರೀಲಿಗಿಂತ ದಪ್ಪ ಪೈಪಿನ ಕೈ ರೀಲೇ ಲೇಸು. ಕೈಯಿಂದ ಸುತ್ತುವುದಕ್ಕೆ ಅರ್ಧ ನಿಮಿಷ ಸಾಕು. ತೆಳು ಪೈಪಿನಲ್ಲಿ ಕಳೆದ ಗಾಳಿ ಕೆಲಸದುದ್ದಕ್ಕೂ ಕಳೆಯುತ್ತಲೇ ಇರುತ್ತದೆ.

ಸ್ಪ್ರಿಂಗಿನ ರೀಲನ್ನೇ ಕೊಳ್ಳುವುದಾದರೆ ಅಂಗಡಿಯಲ್ಲಿ ಅವಸರ ಮಾಡಬೇಡಿ. ಅದನ್ನು ಗಟ್ಟಿಯಾಗಿ ಹಿಡಿಸಿ, ಪೈಪನ್ನು ಕೊನೆಯ ಸುತ್ತಿನವರೆಗೂ ಎಳೆದು ನೋಡಿ. ನಡುನಡುವೆ ನಿಲ್ಲಿಸಿದಾಗ ಟಕ್ ಎಂದು ಹಲ್ಲು ಕಚ್ಚಿಕೊಳ್ಳಬೇಕು, ಸ್ವಲ್ಪ ಎಳೆದರೆ ಬಿಡಬೇಕು. ಪೂರ್ತಿ ಎಳೆದ ಮೇಲೂ ಹಿಂದಕ್ಕೆ ಹೋಗುವ ಬಲ ಸ್ಪ್ರಿಂಗಿನಲ್ಲಿ ಉಳಿದಿರಬೇಕು. ಕೊನೆಯ ಒಂದೆರಡು ಮೀಟರ್ ಹೊರಗೇ ಜೋತುಬಿದ್ದರೆ ಹೊಸದರಲ್ಲೇ ಅದರ ಸ್ಪ್ರಿಂಗು ಸೋತಿದೆ ಎಂದು ತಿಳಿಯಿರಿ. ಪೈಪು ಹೊರಬರುವ ಬಾಯಲ್ಲಿ ನಾಲ್ಕು ಕಡೆಗೂ ರೋಲರುಗಳಿವೆಯೇ ನೋಡಿ. ಬರೀ ತಗಡಿನ ಅಂಚಿದ್ದರೆ ಅದು ಪೈಪನ್ನು ದಿನದಿನವೂ ಕೆರೆಯುತ್ತದೆ. ತಿರುಗುವ ಜಾಯಿಂಟು ಹಿತ್ತಾಳೆಯದಾಗಿರಲಿ. ಅದರೊಳಗಿನ ಓ-ರಿಂಗು ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿ. ರೀಲು ಸೋರಲು ಶುರುವಾಗುವುದೇ ಆ ಓ-ರಿಂಗು ಸವೆದಾಗ. ಕೆಲವೇ ರೂಪಾಯಿಯ ಆ ಉಂಗುರ ಸಿಗದೆ ಇಡೀ ರೀಲನ್ನು ಎಸೆಯುವಂತಾಗಬಾರದು. ಪೈಪು ಹಾಳಾದರೆ ಬೇರೆ ಪೈಪು ಹಾಕಲು ಬರುತ್ತದೆಯೇ ಎಂಬುದನ್ನೂ ಈಗಲೇ ಕೇಳಿಕೊಳ್ಳಿ.

ಆನ್‌ಲೈನಿನಲ್ಲಿ ತರಿಸುವವರು ಇನ್ನೊಂದನ್ನು ನೋಡಬೇಕು, ಅದು ಥ್ರೆಡ್. ನಮ್ಮಲ್ಲಿ ಮನೆಯ ಕಂಪ್ರೆಸರಿಗೆ ಹೆಚ್ಚಾಗಿ ಬರುವುದು ಕಾಲು ಇಂಚಿನ ಬಿಎಸ್‌ಪಿ. ಅಮೆರಿಕದ ಮಾರುಕಟ್ಟೆಗೆಂದು ಮಾಡಿದ ರೀಲುಗಳಲ್ಲಿ ಇರುವುದು ಎನ್‌ಪಿಟಿ. ಬಿಎಸ್‌ಪಿಯಲ್ಲಿ ಇಂಚಿಗೆ 19 ಸುತ್ತು, ಎನ್‌ಪಿಟಿಯಲ್ಲಿ 18. ಕಣ್ಣಿಗೆ ಎರಡೂ ಒಂದೇ. ಒಂದೆರಡು ಸುತ್ತು ಕೂರುತ್ತದೆ, ಆಮೇಲೆ ಬಿಗಿಯಾಗುತ್ತದೆ, ಸರಿಯಾಯಿತು ಎಂದುಕೊಂಡು ಸ್ಪ್ಯಾನರು ಹಾಕಿ ತಿರುಗಿಸಿದರೆ ಥ್ರೆಡ್ಡೇ ಹಾಳು. ಎಷ್ಟು ಟೆಫ್ಲಾನ್ ಟೇಪು ಸುತ್ತಿದರೂ ಸೋರುವುದು ನಿಲ್ಲುವುದಿಲ್ಲ. ಕಪ್ಲರುಗಳಲ್ಲೂ ಬೇರೆ ಬೇರೆ ಜಾತಿಗಳಿವೆ. ಎಲ್ಲ ಸಾಧನಗಳಿಗೂ ಒಂದೇ ಬಗೆಯದನ್ನು ಹಾಕಿಕೊಳ್ಳಿ.

ಸೋರಿಕೆಯ ಬಗ್ಗೆ ಹೇಳಲೇಬೇಕು. ಒಂದು ಮಿಲಿಮೀಟರಿನ ತೂತಿನಿಂದ 7 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 60 ಲೀಟರಿಗೂ ಹೆಚ್ಚು ಗಾಳಿ ಹೋಗುತ್ತದೆ. 1 ಎಚ್‌ಪಿಯ ಸಣ್ಣ ಕಂಪ್ರೆಸರ್ ಕೊಡುವುದೇ ನಿಮಿಷಕ್ಕೆ 100 ಲೀಟರಿನ ಆಸುಪಾಸು. ಅಂದರೆ ಅರ್ಧಕ್ಕಿಂತ ಹೆಚ್ಚು ಗಾಳಿ ಕೆಲಸಕ್ಕೆ ಬಾರದೆ ಹೋಯಿತು. ರೀಲು ಕೂರಿಸಿದ ದಿನವೇ ಪರೀಕ್ಷೆ ಮಾಡಿ. ಟ್ಯಾಂಕು ತುಂಬಿಸಿ, ಮೋಟರು ಆರಿಸಿ, ಹೊರವಾಲ್ವು ಮುಚ್ಚಿ ಗೇಜಿನ ಮುಳ್ಳು ಎಲ್ಲಿದೆ ಎಂದು ಗುರುತು ಮಾಡಿ. ಅರ್ಧ ಗಂಟೆ ಬಿಟ್ಟು ನೋಡಿ. ಮುಳ್ಳು ನಿಂತಲ್ಲೇ ಇದ್ದರೆ ಕಂಪ್ರೆಸರ್ ಸರಿಯಿದೆ. ಈಗ ವಾಲ್ವು ತೆರೆದು ರೀಲಿಗೆ ಗಾಳಿ ಬಿಡಿ. ಪೈಪು ತುಂಬಿಕೊಳ್ಳುವಾಗ ಮುಳ್ಳು ಕೊಂಚ ಇಳಿದು ನಿಲ್ಲುತ್ತದೆ. ಅಲ್ಲಿಂದ ಮತ್ತೆ ಅರ್ಧ ಗಂಟೆ. ಮುಳ್ಳು ಇಳಿಯುತ್ತಲೇ ಹೋದರೆ ಸೋರುವುದು ರೀಲಿನ ಕಡೆ. ಸೋಪಿನ ನೀರನ್ನು ಒಂದೊಂದೇ ಜಾಯಿಂಟಿಗೆ ಹಚ್ಚಿ, ಗುಳ್ಳೆ ಎದ್ದ ಕಡೆ ಬಿಗಿಮಾಡಿ.

ಕೂರಿಸುವುದಕ್ಕೆ ಗಟ್ಟಿ ಗೋಡೆಯೇ ಬೇಕು. ಇಟ್ಟಿಗೆಯ ಅಥವಾ ಕಾಂಕ್ರೀಟಿನ ಗೋಡೆಗೆ ಆಂಕರ್ ಫಾಸ್ಟನರ್ ಹಾಕಿ ಬಿಗಿಯಿರಿ. ತಗಡಿನ ಶೀಟಿಗೆ, ಪ್ಲೈವುಡ್ಡಿಗೆ ಸ್ಕ್ರೂ ಹೊಡೆದು ತೂಗುಹಾಕಬೇಡಿ. ರೀಲಿನ ತೂಕಕ್ಕಿಂತ ನಾವು ಅದನ್ನು ಎಳೆಯುವ ಬಲ ಹೆಚ್ಚು, ಅದೂ ದಿನವೂ. ಎಡಕ್ಕೂ ಬಲಕ್ಕೂ ತಿರುಗುವ ಬ್ರಾಕೆಟ್ಟಿದ್ದರೆ ಪೈಪು ಓರೆಯಾಗಿ ಎಳೆಯುವುದು ತಪ್ಪುತ್ತದೆ. ಕಂಪ್ರೆಸರಿನಿಂದ ರೀಲಿಗೆ ಬರುವ ಭಾಗಕ್ಕೆ ನೀರಿನ ಪಿವಿಸಿ ಅಥವಾ ಸಿಪಿವಿಸಿ ಕೊಳವೆಯನ್ನು ಎಂದೂ ಬಳಸಬೇಡಿ. ಅಗ್ಗ, ಜೋಡಿಸಲು ಸುಲಭ ಎಂದು ಕೆಲವರು ಹಾಕುತ್ತಾರೆ. ನೀರಿನ ಒತ್ತಡಕ್ಕೆ ಒಡೆದರೆ ಅದು ಸೋರುತ್ತದೆ ಅಷ್ಟೇ. ಗಾಳಿಯ ಒತ್ತಡಕ್ಕೆ ಒಡೆದರೆ ಚೂರುಚೂರಾಗಿ ಸಿಡಿಯುತ್ತದೆ. ಒಂದು ಮೀಟರ್ ರಬ್ಬರ್ ಪೈಪು, ಎರಡು ಕ್ಲಿಪ್ಪು, ಇಷ್ಟರಲ್ಲಿ ಆ ಕೆಲಸ ಸುರಕ್ಷಿತವಾಗಿ ಮುಗಿಯುತ್ತದೆ.

ಮಳೆಗಾಲದಲ್ಲಿ ಇನ್ನೊಂದು ಜವಾಬ್ದಾರಿ. ಜೂನ್ ಮಧ್ಯದಿಂದ ಇಲ್ಲಿಯ ಗಾಳಿಯಲ್ಲಿ ತೇವ ತುಂಬಿರುತ್ತದೆ. ಒತ್ತಿದ ಗಾಳಿ ತಣಿದಾಗ ಆ ತೇವ ನೀರಾಗಿ ಟ್ಯಾಂಕಿನ ತಳಕ್ಕೂ ಪೈಪಿನೊಳಕ್ಕೂ ಇಳಿಯುತ್ತದೆ. ಬಣ್ಣ ಹೊಡೆಯುವಾಗ ನಡುನಡುವೆ ಗುಳ್ಳೆಯಂತೆ ಕಲೆ ಕಾಣುವುದು ಇದರಿಂದಲೇ. ಕೆಲಸ ಮುಗಿದ ಪ್ರತಿ ದಿನವೂ ಟ್ಯಾಂಕಿನ ಕೆಳಗಿನ ವಾಲ್ವು ತೆರೆದು ನೀರು ಹೊರಬಿಡಿ. ರೀಲಿನ ಮುಂಚೆ ಒಂದು ನೀರು ಹಿಡಿಯುವ ಫಿಲ್ಟರ್ ಹಾಕಿದರೆ ಒಳ್ಳೆಯದು. ರೀಲಿನಲ್ಲಿ ಒತ್ತಡವನ್ನು ಹಾಗೇ ಉಳಿಸಿ ಮಲಗಬೇಡಿ. ಪೈಪು ಖಾಲಿ ಮಾಡಿ ಸುತ್ತಿಟ್ಟರೆ ಅದರ ಆಯಸ್ಸು ಹೆಚ್ಚುತ್ತದೆ.

ಕೊನೆಯದಾಗಿ, ದುಡ್ಡಿಗಿಂತ ದೊಡ್ಡ ಮಾತು. ಸ್ಪ್ರಿಂಗಿನ ರೀಲಿನ ಪೈಪನ್ನು ಎಳೆದು ಹಾಗೇ ಕೈಬಿಡಬೇಡಿ. ತುದಿಯ ಕಪ್ಲರು ಚಾವಟಿಯಂತೆ ಬೀಸಿ ಮುಖಕ್ಕೆ ಹೊಡೆಯುತ್ತದೆ. ಕೈಯಲ್ಲಿ ಹಿಡಿದು ನಡೆಯುತ್ತಾ ಒಳಗೆ ಬಿಡಬೇಕು. ಪೈಪಿನ ತುದಿಯ ರಬ್ಬರ್ ಚೆಂಡು ರೀಲಿನ ಬಾಯಿಗೆ ಬಂದು ನಿಲ್ಲುವಂತೆ ಅದರ ಜಾಗ ಸರಿಮಾಡಿಕೊಳ್ಳಿ. ರೀಲಿನ ಮುಚ್ಚಳ ತೆಗೆದು ಸ್ಪ್ರಿಂಗು ಬಿಚ್ಚುವ ಸಾಹಸ ಬೇಡ. ಒಳಗೆ ಬಿಗಿದು ಕೂತ ಉಕ್ಕಿನ ಪಟ್ಟಿ ಹೊರಹಾರಿದರೆ ಬೆರಳನ್ನೇ ಕತ್ತರಿಸುತ್ತದೆ. ಬಟ್ಟೆಯ ಧೂಳು ಹೊಡೆಯಲು, ಮೈ ತಂಪು ಮಾಡಿಕೊಳ್ಳಲು ಗಾಳಿಯ ಗನ್ನನ್ನು ಮೈಗೆ ಹಿಡಿಯಬೇಡಿ. ಒತ್ತಿದ ಗಾಳಿ ಚರ್ಮದೊಳಗೆ ನುಗ್ಗಬಲ್ಲದು, ಕಣ್ಣನ್ನೂ ಕಿವಿಯ ತಮಟೆಯನ್ನೂ ಹಾಳುಮಾಡಬಲ್ಲದು. ಕಾರ್ಖಾನೆಗಳಲ್ಲಿ ತಮಾಷೆಗೆಂದು ಜೊತೆಗಾರನ ದೇಹಕ್ಕೆ ಗಾಳಿ ಬಿಟ್ಟು ಪ್ರಾಣವೇ ಹೋದ ಪ್ರಕರಣಗಳು ನಮ್ಮ ದೇಶದಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ಮನೆಯ ಕೆಲಸದ ಕೋಣೆಗೆ ಮಕ್ಕಳು ಬರುತ್ತಾರೆ. ಅವರಿಗೆ ಈ ಮಾತನ್ನು ಹೆದರಿಸದೆ, ಆದರೆ ಖಚಿತವಾಗಿ ಹೇಳಿಕೊಡಿ. ಕಣ್ಣಿಗೆ ಕನ್ನಡಕ ಹಾಕದೆ ಗಾಳಿಯ ಕೆಲಸಕ್ಕೆ ಇಳಿಯುವುದಿಲ್ಲ ಎಂಬ ನಿಯಮ ಮನೆಯ ಹಿರಿಯರಿಂದಲೇ ಶುರುವಾಗಲಿ.

ಇಷ್ಟನ್ನೂ ಒಟ್ಟು ಮಾಡಿ ಹೇಳುವುದಾದರೆ, ಒಂದು ಕಾರು ನಿಲ್ಲುವಷ್ಟು ಜಾಗದ ಕೆಲಸದ ಕೋಣೆಗೆ ಹತ್ತು ಮೀಟರ್ ಉದ್ದದ, ಒಳಗೆ 8 ಮಿಲಿಮೀಟರ್ ಇರುವ ಪೈಪು, ಹಿತ್ತಾಳೆಯ ಜಾಯಿಂಟಿನ ಕೈ ರೀಲು. ದಿನವೂ ಕೆಲಸ ಮಾಡುವವರಾದರೆ ಅದೇ ಪೈಪಿರುವ ಉಕ್ಕಿನ ಚೌಕಟ್ಟಿನ ಸ್ಪ್ರಿಂಗ್ ರೀಲು. ವಾರಕ್ಕೊಮ್ಮೆ ಮಾತ್ರವಾದರೆ ಗೋಡೆಗೊಂದು ಹಳೆಯ ರಿಮ್ಮು, ಉಳಿದ ದುಡ್ಡಿಗೆ ಒಳ್ಳೆಯ ಪೈಪು. ಮೊದಲು ಹಗ್ಗ ಹಿಡಿದು ಮನೆ ಅಳೆಯಿರಿ, ಆಮೇಲೆ ಅಂಗಡಿಗೆ ಹೋಗಿ ಪೈಪಿನ ಮೇಲಿನ ಅಕ್ಷರ ಓದಿ, ಕೊನೆಗೆ ಬೆಲೆ ಕೇಳಿ. ಈ ಕ್ರಮ ತಪ್ಪದಿದ್ದರೆ ನಿಮ್ಮ ಒಂದು ರೂಪಾಯಿಯೂ ವ್ಯರ್ಥವಾಗುವುದಿಲ್ಲ.